ಒಂಬತ್ತು ಡಬ್ಬಿಯ ತೋಟ

ಘಟಪ್ರಭೆಗೆ ಇನ್ನೂ ಯಾರೂ ಅಡ್ಡಗೋಡೆ ಕಟ್ಟಿರದ ಕಾಲ. ಹೊಳೆ ತನಗೆ ಬೇಕಾದಲ್ಲಿ ಮಲಗಿ, ಬೇಕಾದಾಗ ಎದ್ದು ಹೋಗುತ್ತಿತ್ತು. ಆ ಹೊಳೆಯ ಮೇಲಿನ ಗುಡ್ಡದಲ್ಲಿ ಒಬ್ಬ ರಾಜ. ರಾಜನಿಗೆ ಏಳು ಸುತ್ತಿನ ತೋಟ. ಆ ತೋಟಕ್ಕೆ ಒಂದು ದಿನ ಕಡಲಾಚೆಯಿಂದ ಕೆಂಪು ಸೆರಗಿನ ರಾಜಕುಮಾರಿಯೊಬ್ಬಳು ಬಂದಿಳಿದಳು. ಹುಟ್ಟಿನಿಂದಲೇ ಅವಳ ಅಂಗೈಗಳಲ್ಲಿ ಬಳೆಯಷ್ಟು ದುಂಡಗಿನ ಗುರುತಿತ್ತು. ರಾಜನಿಗೆ ಹಿಗ್ಗೋ ಹಿಗ್ಗು. ದಿನಕ್ಕೆ ಏಳು ಕೊಡ ನೀರು ಹೊಯ್ಯಿಸಿದ, ಹಾಲು ಕುಡಿಸಿದ, ಬಿಸಿಲು ತಾಗದಂತೆ ಚಪ್ಪರ ಹಾಕಿಸಿದ. ರಾಜಕುಮಾರಿ ಮಾತ್ರ ದಿನದಿಂದ ದಿನಕ್ಕೆ ಹಳದಿಗಟ್ಟಿದಳು, ಪಾದ ಕಪ್ಪಗಾದವು. ವೈದ್ಯರು ಬಂದರು, ಮಂತ್ರವಾದಿಗಳು ಬಂದರು. ಬಂದವರೆಲ್ಲ ಇನ್ನೊಂದು ಕೊಡ ನೀರು ಹಾಕಿ ಎಂದರು. ಕಡೆಗೆ ಅಂಗಳ ಗುಡಿಸುವ ಮುದುಕಿಯೊಬ್ಬಳು ಕಸಬರಿಗೆ ಬದಿಗಿಟ್ಟು, "ಎಲ್ಲಾರೂ ದೂರ ಸರೀರಿ, ಆಕಿನ್ನ ನನಗ ಬಿಡ್ರಿ" ಎಂದಳು. ಒಂದು ಹಗಲು, ಒಂದು ರಾತ್ರಿ ರಾಜಕುಮಾರಿಯನ್ನು ನೆರಳಲ್ಲಿ, ಒಂದು ಹನಿ ನೀರಿಲ್ಲದೆ ಕೂಡಿಸಿದಳು. ಮರುದಿನ ಹೊಳೆಯ ಉಸುಕಿನ ಮೇಲೆ ಕೂಡಿಸಿದಳು. ಮುಂಜಾನೆಯ ಬಿಸಿಲನ್ನಷ್ಟೇ ಕುಡಿಸಿದಳು. ಬಾಡಿದ ಹೂವನ್ನೆಲ್ಲ ತುರುಬಿನಿಂದ ತೆಗೆದು ಹಾಕಿದಳು. ಕೆಲವು ತಿಂಗಳಲ್ಲಿ ರಾಜಕುಮಾರಿ ನಕ್ಕಳು. ಎಷ್ಟು ಕೆಂಪಗೆ ನಕ್ಕಳೆಂದರೆ ಏಳು ಸುತ್ತಿನ ಗೋಡೆಗಳೂ ಕೆಂಪಾದವು. ರಾಜ ಊರೂರಿಗೆ ಡಂಗುರ ಹೊಡೆಸಿದ: ಇದು ನನ್ನ ತೋಟದ ಹೂವು!

ಗುಡ್ಡವ್ವ ಕಥೆಯನ್ನು ಇಲ್ಲಿಗೆ ನಿಲ್ಲಿಸಿಬಿಡುತ್ತಿದ್ದಳು. ಮೊಮ್ಮಗಳು ನಂದಿನಿ ಪ್ರತಿ ಸಲವೂ ಕೇಳುತ್ತಿದ್ದಳು: "ಆಯಿ, ಆ ಮುದುಕಿ ಹೆಸರೇನು?"

"ಕಥಿಯೊಳಗ ರಾಜಗ ಹೆಸರಿರತೈತಿ, ರಾಜನ ಕುದರಿಗೂ ಇರತೈತಿ. ಗುಡಸೂ ಮುದುಕಿಗೆ ಎಲ್ಲೀ ಹೆಸರ? ಮಲ್ಕೋ ಸುಮ್ನ."

ಎಂಟು ವರ್ಷದ ನಂದಿನಿ ಒಂದು ದಿನ ಮಲಗಲಿಲ್ಲ. ಚಾಪೆಯ ಮೇಲೆ ಎದ್ದು ಕುಳಿತಳು. "ನಾ ಹೆಸರ ಹಾಕ್ತೇನಿ. ಎಲ್ಲಾರೂ ಓದೂ ಹಂಗ ದೊಡ್ಡದಾಗಿ ಬರೀತೇನಿ, ನೋಡ್ಕೋತ ಇರು."

"ಬರಿಯವ್ವಾ, ಬರಿ. ಮದಲ ಒತ್ತಕ್ಷರ ಸುದ್ದ ಕಲಿ."

ಗುಡ್ಡವ್ವ ನಕ್ಕು ಮರೆತಂತಿದ್ದಳು. ನಂದಿನಿ ಮರೆಯಲಿಲ್ಲ.

ಅವಳಿಗೆ ಹನ್ನೆರಡು ತುಂಬಿದ ವರ್ಷ ಕಥೆಯ ಗುಟ್ಟು ಒಡೆಯಿತು. ಸಾಲೆಗೆ ರಜೆಯಿದ್ದ ದಿನ ಆಯಿಯ ಬೆನ್ನು ಹತ್ತಿ ಹಿಡಕಲ್ ಹಿನ್ನೀರಿನ ಮೇಲಿದ್ದ ಸಾವ್ಕಾರ ಕಲ್ಲಪ್ಪನ ಬಂಗ್ಲೆಗೆ ಹೋಗಿದ್ದಳು. ಗುಡ್ಡವ್ವ ಅಲ್ಲಿ ದಿನಗೂಲಿಯ ಮಾಲಿ. ಬಂಗ್ಲೆಯ ಕಟ್ಟೆಯ ಮೇಲೆ ಸಾಲಾಗಿ ಹದಿನೈದು ಕುಂಡ, ಕುಂಡದ ತುಂಬ ಕೆಂಡದಂಥ ಹೂಗೊಂಚಲು. ಧಣಿಗಳ ಬಾಯಲ್ಲಿ ಅದರ ಹೆಸರು ಜಿರೇನಿಯಂ. ಗುಡ್ಡವ್ವನ ಬಾಯಲ್ಲಿ ಬಳಿ ಗಿಡ. ನಂದಿನಿ ಒಂದು ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಅಂಗೈಯಗಲದ ದುಂಡು ಎಲೆ. ಅದರ ನಡುವೆ ಬಳೆ ಒತ್ತಿ ತೆಗೆದಂತೆ ಕಂದು ಬಣ್ಣದ ಗುರುತು.

"ಆಯಿ! ಇಕಿ ರಾಜಕುಮಾರಿ!"

"ಸಣ್ಣ ಮಾತಾಡ. ರಾಜ ಒಳಗ ಚಾ ಕುಡ್ಯಾಕತ್ತಾನ."

ರಾಜನ ಪಡಸಾಲೆಯ ಗೋಡೆಯ ಮೇಲೆ ಫೋಟೊಗಳಿದ್ದವು. ಗೋಕಾಕದ ಪುಷ್ಪಪ್ರಿಯರ ಬಳಗದವರು ಪ್ರತಿ ಜನವರಿಯಲ್ಲಿ ನಡೆಸುವ ಹೂವಿನ ಪ್ರದರ್ಶನದವು ಅವು. ಪ್ರತಿ ಫೋಟೊದಲ್ಲೂ ಸಾವ್ಕಾರ, ಅವನ ಕೈಯಲ್ಲಿ ಬಹುಮಾನದ ಕಪ್, ಮುಂದೆ ಕುಂಡ. ಒಂದು ಫೋಟೊದ ಅಂಚಿನಲ್ಲಿ ಹಸಿರು ಬಳೆಯ ಕೈಯೊಂದು ಕುಂಡ ಹಿಡಿದಿತ್ತು. ಮೊಳಕೈಯಿಂದ ಆಚೆ ಏನೂ ಇರಲಿಲ್ಲ.

"ಆಯಿ, ಇದು ನಿನ್ನ ಕೈ ಅಲ್ಲೇನ?"

"ಹ್ಞೂಂ. ಗಿಡ ವಾಲಿತ್ತು, ಹಿಡದಿದ್ದೆ."

ಪ್ರತಿ ವರ್ಷವೂ ಗುಡ್ಡವ್ವ ಟೆಂಪೊದಲ್ಲಿ ಕುಂಡಗಳನ್ನು ಎರಡು ಮೊಳಕಾಲ ನಡುವೆ ಒತ್ತಿ ಹಿಡಿದುಕೊಂಡು ಗೋಕಾಕಕ್ಕೆ ಹೋಗುತ್ತಿದ್ದಳು. ಇಡೀ ದಿನ ಮೇಜಿನ ಹಿಂದೆ ಗೋಣಿಚೀಲದ ಮೇಲೆ ಕುಳಿತು ಉದುರಿದ ಎಸಳು ಆರಿಸುತ್ತಿದ್ದಳು. ಸಂಜೆ ಸಾವ್ಕಾರ ಕಪ್ ತೆಗೆದುಕೊಂಡು ಕಾರಿನಲ್ಲಿ ಬರುತ್ತಿದ್ದ, ಗುಡ್ಡವ್ವ ಕುಂಡಗಳ ಜೊತೆ ಟೆಂಪೊದಲ್ಲಿ. ಒಮ್ಮೆ, ಒಂದೇ ಒಂದು ಸಲ, ಅವಳು ಒಂದು ಟೊಂಗೆ ಕೇಳಿದ್ದಳು. ಸಾವ್ಕಾರ ನಕ್ಕಿದ್ದ. "ಇದು ಬಂಗ್ಲೆದ ಗಿಡ, ಗುಡ್ಡವ್ವಾ. ನಿಮ್ಮ ಓಣ್ಯಾಗ ಬೇರ ಬಿಡಂಗಿಲ್ಲ."

ಅಂದಿನಿಂದ ಗುಡ್ಡವ್ವ ಕತ್ತರಿಸಿದ ಪ್ರತಿ ಟೊಂಗೆಯನ್ನೂ ಅವನ ಕಣ್ಣೆದುರೇ ತಿಪ್ಪೆಗೆ ಹಾಕಿ, ಕೈ ಝಾಡಿಸಿ, ಬರಿಗೈ ತೋರಿಸಿ ಮನೆಗೆ ಬರುತ್ತಿದ್ದಳು.

ಕೆಲಸಕ್ಕೆ ಸೇರಿದ ದಿನದಿಂದ ಲೆಕ್ಕ ಹಾಕಿದರೆ ಹೀಗೆ ಮೂವತ್ತು ಮಳೆಗಾಲ. ಕಲ್ಲಪ್ಪ ತೀರಿಕೊಂಡ. ಬಂಗ್ಲೆ ಸೊಸೆ ಶೈಲಾಳ ಕೈಗೆ ಬಂತು. ಹೋದ ಮಳೆಗಾಲದಲ್ಲಿ ಗುಡ್ಡವ್ವನ ಮೊಳಕಾಲು ಹಟ ಹಿಡಿದವು. ಶೈಲಾ ಕೆಟ್ಟ ಮಾತೇನೂ ಆಡಲಿಲ್ಲ. "ಇನ್ನ ಮನ್ಯಾಗ ಆರಾಮ ಇರು, ಗುಡ್ಡವ್ವಾ. ಕುಂಡಕ್ಕೆಲ್ಲಾ ಪೈಪ್ ಹಾಕ್ಸೇವಿ. ಟೈಮಿಗೆ ಸರಿಯಾಗಿ ನೀರ ತಾನ ಬೀಳತೈತಿ" ಎಂದಳು.

ಗುಡ್ಡವ್ವ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತು ಬಹಳ ಹೊತ್ತು ನಕ್ಕಳು. "ಟೈಮಿಗೆ ಸರಿಯಾಗಿ ಅಂತ! ರಾಜಕುಮಾರಿ ಏನ್ ರೇಲ್ವೆ ಬಂಡಿಯೇನು?"

ನಂದಿನಿ ಆಗ ಗೋಕಾಕದಲ್ಲಿ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಬಾಡಿಗೆಗೆ ಒಂದು ಖೋಲಿ. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ. ಇಡೀ ದಿನ ವಕೀಲರ ದಾವೆ, ರೈತರ ಪಹಣಿ ಉತಾರ, ಕಾಲೇಜಿನವರ ಅಂಕಪಟ್ಟಿ ಅವಳ ಕೈಕೆಳಗೆ ಎರಡೆರಡಾಗಿ ಹೊರಬರುತ್ತಿದ್ದವು. ಯಂತ್ರದ ಹಸಿರು ಬೆಳಕು ಹಾಳೆಯ ಕೆಳಗೆ ಹರಿದುಹೋಗುವಾಗ ಅವಳಿಗೆ ಏಳು ಸಮುದ್ರ ದಾಟುವ ಹಡಗೊಂದು ಕಾಣುತ್ತಿತ್ತು. ಗಿರಾಕಿಗಳು ಮೇಜು ಬಡಿದು ಅವಳನ್ನು ದಡಕ್ಕೆ ಕರೆಯಬೇಕಾಗುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಮೇಜು ಬಡಿದವರು ಪುಷ್ಪಪ್ರಿಯರ ಬಳಗದ ಕಾರ್ಯದರ್ಶಿ ಭೀಮರಾಯ. ನಿವೃತ್ತ ಮಾಸ್ತರು. ಪ್ರದರ್ಶನದ ಅರ್ಜಿ ಇನ್ನೂರು ಪ್ರತಿ ಬೇಕಿತ್ತು. ನಂದಿನಿ ಇನ್ನೂರು ತೆಗೆದಳು, ಇನ್ನೂರಾ ಒಂದನೆಯದನ್ನು ಓದಲು ಇಟ್ಟುಕೊಂಡಳು. ತೋಟದ ಹೆಸರು. ತೋಟದ ವಿಸ್ತೀರ್ಣ. ಮಾಲೀಕರ ಹೆಸರು. ಬೆಳೆಸಿದವರು ಯಾರು ಎಂಬ ಸಾಲೇ ಇರಲಿಲ್ಲ. ಕೆಳಗೆ ನಿಯಮಗಳು: ನಾಲ್ಕನೆಯದು, ಗಿಡ ಕನಿಷ್ಠ ಮೂರು ತಿಂಗಳು ಸ್ಪರ್ಧಿಯ ಆರೈಕೆಯಲ್ಲಿರಬೇಕು.

ಆ ಶನಿವಾರ ಅವಳು ಅರ್ಜಿಯನ್ನು ಆಯಿಯ ಮಡಿಲಿಗೆ ಹಾಕಿದಳು. "ಈ ಸಲದ ಪ್ರದರ್ಶನದಾಗ ಕುಂಡದ ಚೀಟಿ ಮ್ಯಾಲ ನಿನ್ನ ಹೆಸರ ಬರಬೇಕು. ನಾ ಮಾತ ಕೊಟ್ಟಿದ್ದೆ."

"ಯಾವಾಗ ಕೊಟ್ಟಿದ್ದಿ?"

"ಎಂಟ ವರ್ಷದಾಕಿ ಇದ್ದಾಗ."

ಗುಡ್ಡವ್ವ ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. "ನನ್ನ ಕಡೆ ಗಿಡಾ ಎಲ್ಲೈತಿ ಹುಚ್ಚಿ?"

"ತರೂಣು. ಬಂಗ್ಲೇದಲ್ಲ, ನಮ್ಮದು."

ಭಾನುವಾರ ಇಬ್ಬರೂ ಮೂಡಲಗಿಗೆ ಹೋದರು. ಅಲ್ಲಿ ಮಾಲಿಂಗನ ನರ್ಸರಿ. ಮಾಲಿಂಗ ಮಾತಿನ ಮಲ್ಲ. ಮೊಳಕೈಯುದ್ದ ಬೆಳೆದು, ಮೈತುಂಬ ಹೂ ಬಿಟ್ಟ ಗಿಡವೊಂದನ್ನು ತಂದು ನಂದಿನಿಯ ಮುಂದೆ ಇಟ್ಟ. "ತಗೋರಿ ಅಕ್ಕಾರ, ಹೀರೋಯಿನ್ ಅದಾಳ! ಮನಿಗೆ ಒಯ್ದರ ಓಣಿ ತುಂಬ ಬೆಳಕ."

ನಂದಿನಿಯ ಕೈ ಆಗಲೇ ಮುಂದೆ ಹೋಗಿತ್ತು. ಗುಡ್ಡವ್ವ ಆ ಕೈ ಮೇಲೆ ಸಣ್ಣಗೆ ಹೊಡೆದಳು. "ನಕ್ಕೋತ ಬರಾಕಿ ಬಾಳ ದಿನ ನಿಲ್ಲಂಗಿಲ್ಲ. ಇದರ ಕಾಲ ನೋಡು, ಗೆಣ್ಣಿಗೂ ಗೆಣ್ಣಿಗೂ ಎಷ್ಟ ಅಂತರ. ನೆರಳಾಗ ಎಳದ ಬೆಳದಾಳ." ಅವಳು ಸಾಲಿನ ಮೂಲೆಗೆ ಹೋಗಿ, ಬಗ್ಗಿ, ಎಲೆಗಳ ಅಡಿಮೈ ನೋಡಿದಳು, ಬಿಳಿ ಹುಳ ಇಲ್ಲ. ಒಂದು ಎಲೆ ತಿಕ್ಕಿ ಮೂಸಿದಳು. ಗಿಡದ ಬುಡವನ್ನು ಎರಡು ಬೆರಳಿನಲ್ಲಿ ಒತ್ತಿದಳು, ಕಲ್ಲಿನಂತೆ ಗಟ್ಟಿ. ಗಿಡ್ಡ, ಒರಟು, ಅಗಲ ಮೈಯ ಗಿಡ. ಒಂದೂ ಹೂ ಅರಳಿರಲಿಲ್ಲ. ಎಲೆಗಳ ನಡುವೆ ನಾಲ್ಕು ಮೊಗ್ಗಿನ ಗೊಂಚಲು ತಲೆ ಬಗ್ಗಿಸಿ ಕುಳಿತಿದ್ದವು.

"ಇದ?" ಮಾಲಿಂಗನಿಗೆ ಅವಮಾನವಾದಂತಾಯಿತು. "ಇದನ್ನ ಯಾರೂ ಕೇಳಂಗಿಲ್ಲ, ಆಯಿ."

"ಅದಕ್ಕ ನಾ ಕೇಳಾಕತ್ತೇನಿ."

ಗಿಡ ಬಂದದ್ದೇ ಓಣಿಗೆಲ್ಲ ಮೋಜು. ಎದುರುಮನೆಯ ಹೆಂಗಸರು ಬಂದು ಮೂಸಿ ಮೂಗು ಮುರಿದರು. ಹೂವಿಗೆ ವಾಸನೆಯಿಲ್ಲ, ಎಲೆಗೆ ಕಟು ವಾಸನೆ. ದೇವರಿಗೆ ಏರುವುದಿಲ್ಲ, ಹೆರಳಿಗೆ ನಿಲ್ಲುವುದಿಲ್ಲ, ದಾರಕ್ಕೆ ಪೋಣಿಸಿದರೆ ಎಸಳು ಉದುರುತ್ತದೆ. "ಏನ್ ಮಾಡ್ತೀರಿ ಇದನ್ನ ತಗೊಂಡ?" ಎಂದರು.

"ಅದರ ಚಲೋ ಗುಣಾನ ಅದು," ಎಂದಳು ಗುಡ್ಡವ್ವ. "ಯಾರೂ ಹರಕೊಂಡು ಹೋಗಂಗಿಲ್ಲ. ತನ್ನ ಗಿಡದ ಮ್ಯಾಲ ತಾನ ಇರತೈತಿ."

ಅವಳು ಓಣಿಯ ಎರೆಮಣ್ಣನ್ನು ಮುಟ್ಟಲಿಲ್ಲ. ಅದು ನೀರು ಹಿಡಿದರೆ ಬಿಡದ ಮಣ್ಣು. ಗುಡ್ಡದ ಕೆಂಪು ಮಣ್ಣು, ಹೊಳೆಯ ಉಸುಕು, ವರ್ಷ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದಳು. ಖಾಲಿ ಎಣ್ಣೆ ಡಬ್ಬಿಯ ತಳಕ್ಕೆ ಮೊಳೆಯಿಂದ ಏಳು ತೂತು ಹೊಡೆದಳು. ಗಿಡವನ್ನು ಪೂರ್ವದ ಗೋಡೆಗೆ ಇಟ್ಟಳು. ಹನ್ನೊಂದು ಗಂಟೆಯ ತನಕ ಬಿಸಿಲು, ಆಮೇಲೆ ಗೋಡೆಯ ನೆರಳು. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿಗಿಳಿಸಿ ನೋಡುತ್ತಿದ್ದಳು. ತೇವ ಹತ್ತಿದರೆ ಚೊಂಬು ವಾಪಸ್ ಒಳಗೆ. ಬಾಡಿದ ಗೊಂಚಲನ್ನು ಕೀಳುತ್ತಿರಲಿಲ್ಲ, ಬೆರಳನ್ನು ದಂಟಿನ ಬುಡದ ತನಕ ಇಳಿಸಿ ಪಟ್ಟನೆ ಮುರಿಯುತ್ತಿದ್ದಳು. ನಂದಿನಿ ನೋಡುತ್ತಾ ಕುಳಿತುಬಿಡುತ್ತಿದ್ದಳು. ಕಥೆಯಲ್ಲಿ ಕೇಳಿದ್ದೆಲ್ಲ ಕಣ್ಣೆದುರು ನಡೆಯುತ್ತಿತ್ತು.

ಕೆಟ್ಟದ್ದು ಮಹಾನವಮಿಯ ಮರುವಾರ ನಡೆಯಿತು. ಗುಡ್ಡವ್ವ ಬೆಲ್ಲದ ಬಾಗೇವಾಡಿಯ ಮಗಳ ಮನೆಗೆ ಎಂಟು ದಿನಕ್ಕೆಂದು ಹೋಗಿದ್ದಳು. ನಂದಿನಿ ಗೋಕಾಕದಲ್ಲಿ. ಮನೆಯಲ್ಲಿ ಇದ್ದವನು ನಂದಿನಿಯ ಅಪ್ಪ ಸತ್ತೆಪ್ಪ ಒಬ್ಬನೇ. ಸತ್ತೆಪ್ಪ ಬಂಗ್ಲೆಯವರ ಕಬ್ಬಿಗೆ ನೀರು ತಿರುವುವವನು. ಹೆಗಲ ಮೇಲೆ ಗುದ್ದಲಿ, ಕಾಲಲ್ಲಿ ಸದಾ ಕೆಸರು. ಒಣಗಿದ ನೆಲ ಕಂಡರೆ ಅವನ ಕೈ ತಡೆಯುತ್ತಿರಲಿಲ್ಲ. ತಾಯಿ ಊರಲ್ಲಿಲ್ಲ, ಗಿಡದ ಬಾಯಿ ಒಣಗಿದೆ ಎಂದು ಅವನಿಗೆ ಸಂಕಟವಾಯಿತು. ಮುಂಜಾನೆ ಒಂದು ಕೊಡ, ಸಂಜೆ ಒಂದು ಕೊಡ ಹಾಕಿದ. ತೂತಿನಿಂದ ಹರಿದುಹೋಗುವ ನೀರು ಕಂಡು ದಂಡವಾಗುತ್ತಿದೆಯೆಂದು ಡಬ್ಬಿಯನ್ನು ತಗಡಿನ ಬುಟ್ಟಿಯಲ್ಲಿ ನಿಲ್ಲಿಸಿದ. ಮೇಲೆ, ಕಬ್ಬಿಗೆ ಹಾಕಿ ಉಳಿದಿದ್ದ ಯೂರಿಯಾ ಒಂದು ಹಿಡಿ.

ಶನಿವಾರ ನಂದಿನಿ ಬಂದಾಗ ರಾಜಕುಮಾರಿ ಹಳದಿಗಟ್ಟಿದ್ದಳು. ಪಾದ ಕಪ್ಪಗಾಗಿದ್ದವು.

"ಏನ್ ಮಾಡಿದಿ ಅಪ್ಪಾ!"

"ಏನಿಲ್ಲವ್ವ, ನೀರ ಹಾಕೇನಿ. ಮತ್ತ ಉಪಾಸ ಕೆಡವಲೇನು?" ಸತ್ತೆಪ್ಪನ ದನಿಯಲ್ಲಿ ಅಪರಾಧಕ್ಕಿಂತ ಅಚ್ಚರಿ ಹೆಚ್ಚಿತ್ತು. ನೀರು ಹಾಕಿದ್ದಕ್ಕೆ ಯಾವ ಗಿಡವಾದರೂ ಸಾಯುತ್ತದೆಂದು ಈ ಕಾಲುವೆಯ ಸೀಮೆಯಲ್ಲಿ ಯಾರು ನಂಬುತ್ತಾರೆ?

ನಂದಿನಿ ಅಳಲು ಕುಳಿತಳು. ಆಯಿ ಬರಲು ಇನ್ನೂ ಎರಡು ದಿನ. ಅತ್ತೆಯ ಮನೆಗೆ ಫೋನು ಹಚ್ಚಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಆಗ ಅವಳ ಬಾಯಿಗೆ ತಾನಾಗಿ ಕಥೆ ಬಂತು. ಎಲ್ಲಾರೂ ದೂರ ಸರೀರಿ. ಒಂದು ಹಗಲು, ಒಂದು ರಾತ್ರಿ, ನೆರಳಲ್ಲಿ, ಒಂದು ಹನಿ ನೀರಿಲ್ಲದೆ.

ಬುಡ ಹೋಗಿತ್ತು. ಆದರೆ ತುದಿಯ ಟೊಂಗೆಗಳು ಇನ್ನೂ ಹಸಿರಾಗಿದ್ದವು. ಅವಳು ಕುಡಗೋಲನ್ನು ಬೆಂಕಿಗೆ ಹಿಡಿದು, ಕಪ್ಪು ಏರದ ಕಡೆ, ಗೆಣ್ಣಿನ ಕೆಳಗೆ, ನಾಲ್ಕು ಬೆರಳುದ್ದದ ಹನ್ನೊಂದು ತುಂಡು ಕತ್ತರಿಸಿದಳು. ಮೊಗ್ಗೆಲ್ಲ ಚಿವುಟಿ ಹಾಕಿದಳು. ತುಂಡುಗಳನ್ನು ಮೊರದಲ್ಲಿ ಹರಡಿ ನೆರಳಲ್ಲಿಟ್ಟಳು.

ಸತ್ತೆಪ್ಪ ಮೊರದ ಸುತ್ತ ಸುತ್ತಿದ. "ಒಣಗಿ ಕಟಗಿ ಆಕ್ಕಾವ, ಹುಚ್ಚವ್ವಾ. ಕಬ್ಬಿನ ಬೀಜ ಹಿಂಗ ಇಡ್ತಾರೇನು? ಕಡದ ಕೂಡ್ಲೆ ನೆಲಕ್ಕ ಹಾಕಿ ನೀರ ಬಿಡಬೇಕು."

"ಇದು ಕಬ್ಬಲ್ಲ! ನೀನು ಇದರ ಸನೇಕ ಬಂದಿ ಅಂದ್ರ ನಾ ನಿನ್ನ ಕೂಡ ಮಾತ ಬಿಡ್ತೇನಿ."

ಸತ್ತೆಪ್ಪ ಮಗಳ ಮುಖ ನೋಡಿ, ಕೊಡವನ್ನೆತ್ತಿ ಒಳಗಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ. ಮರುದಿನ ತುಂಡುಗಳ ಕಡಿದ ಬಾಯಿ ಒಣಗಿ ಗಾಯದ ಹಾಗೆ ಕೂಡಿಕೊಂಡಿತ್ತು. ನಂದಿನಿ ಉಸುಕು ತುಂಬಿದ ಡಬ್ಬಿಗಳಲ್ಲಿ ಒಂದೊಂದೇ ನೆಟ್ಟಳು.

ಗುಡ್ಡವ್ವ ಬಂದು ಎಲ್ಲ ನೋಡಿದಳು. ಸತ್ತ ಬುಡವನ್ನು ಕಿತ್ತು ಮೂಸಿದಳು. ಮಗನಿಗೆ ಎರಡು ಮಾತು ಬೈದಳು. ಆಮೇಲೆ ನಂದಿನಿಯ ಡಬ್ಬಿಗಳ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತಳು, ಮೊಳಕಾಲಿನ ನೋವು ಮರೆತು.

"ಯಾರ ಹೇಳಿಕೊಟ್ಟರ ನಿನಗ?"

"ಗುಡಸೂ ಮುದುಕಿ."

ಹನ್ನೊಂದರಲ್ಲಿ ಎರಡು ಕೊಳೆತವು, ಒಂಬತ್ತು ಬೇರು ಬಿಟ್ಟವು. ಬೇರು ಬಿಡುವುದಿಲ್ಲವೆಂದು ಸಾವ್ಕಾರ ಹೇಳಿದ್ದ ಅದೇ ಓಣಿಯಲ್ಲಿ, ಅದೇ ಪೂರ್ವದ ಗೋಡೆಗೆ. ಗುಡ್ಡವ್ವ ಅವುಗಳನ್ನು ಕೆಂಪು ಮಣ್ಣಿಗೆ ಬದಲಿಸಿದಳು, ವಾರಕ್ಕೊಮ್ಮೆ ಡಬ್ಬಿಯನ್ನು ಕಾಲು ಸುತ್ತು ತಿರುಗಿಸಿದಳು, ಗಿಡ ಸೂರ್ಯನ ಕಡೆಗೇ ವಾಲದಿರಲೆಂದು. ಚಳಿಗಾಲ ಬಂತು, ಎಲೆಗಳ ಮೇಲೆ ಬಳೆಯ ಗುರುತು ಗಾಢವಾಯಿತು. ಸಂಕ್ರಾಂತಿಗೆ ಒಂಬತ್ತೂ ಡಬ್ಬಿ ಕೆಂಪಾಗಿ ನಕ್ಕವು.

ಸಂಕ್ರಾಂತಿಯ ಮರುದಿನ ಓಣಿಗೆ ಕಾರು ಬಂತು. ಶೈಲಾ ಇಳಿದಳು. ಬಂಗ್ಲೆಯ ಹದಿನೈದು ಕುಂಡಗಳೂ ಪೈಪಿನ ಟೈಮಿಗೆ ಸರಿಯಾಗಿ ನೀರು ಕುಡಿದು ಸತ್ತಿದ್ದವು. ಅದನ್ನು ಅವಳು ಹೇಳಲಿಲ್ಲ, ಒಂಬತ್ತು ಡಬ್ಬಿಗಳನ್ನು ನೋಡಿದ ಕಣ್ಣೇ ಹೇಳಿತು.

"ಗುಡ್ಡವ್ವಾ, ಕೈ ಅಂದ್ರ ನಿಂದ ಕೈ! ಗಾಡಿ ಕಳಸ್ತೇನಿ. ಎಲ್ಲಾ ಕುಂಡದಾಗ ಹಾಕಿ ಒಯ್ಯೂಣು. ಹೆಂಗಿದ್ರೂ ಇಷ್ಟ ವರ್ಷ ಬಂಗ್ಲೆದ ಹೆಸರ ನಡಕೊಂಡು ಬಂದೇತಿ. ಮಾವನವರ ನೆನಪಿಗೆ ಈ ವರ್ಷ ತಪ್ಪಬಾರ್ದು. ನಿನಗೂ ಒಂದ ಇಳಕಲ್ ಸೀರಿ ಉಡಸ್ತೇನಿ."

ಸತ್ತೆಪ್ಪ ಎದ್ದು ನಿಂತಿದ್ದ. ಅವನು ದಿನಾ ಗುದ್ದಲಿ ಹೊತ್ತು ಹೋಗುವುದು ಇವರ ಹೊಲಕ್ಕೇ. ಅವನ ಕಣ್ಣು ಒಮ್ಮೆ ತಾಯಿಯ ಕಡೆ, ಒಮ್ಮೆ ಮಗಳ ಕಡೆ ಹೊರಳಿತು. ಗುಡ್ಡವ್ವ ಒಂದು ಒಣ ಎಲೆ ಕಿತ್ತು ಮಡಚುತ್ತಾ ಕುಳಿತಿದ್ದಳು. ಮೂವತ್ತು ವರ್ಷ ಆ ಬಾಯಿ ಇವರಿಗೆ 'ಹ್ಞೂಂರಿ' ಎಂದಷ್ಟೇ ಹೇಳಿತ್ತು.

"ಇಲ್ಲ ಅಕ್ಕಾರ," ಎಂದಳು ನಂದಿನಿ. "ಈ ಗಿಡಾ ಬಂಗ್ಲೇದಲ್ಲ. ಈ ಸಲ ಆಯಿ ಹೆಸರಿಗೆ ಇಡ್ತೇವಿ."

ಶೈಲಾ ನಕ್ಕಳು. "ಹೆಸರಾಗ ಏನೈತೆವ್ವಾ?"

"ಏನೂ ಇಲ್ಲಾಂದ್ರ ನಿಮಗ ಯಾಕ ಬೇಕ್ರಿ ಮತ್ತ?"

ನಗು ನಿಂತಿತು. ಶೈಲಾ ಸತ್ತೆಪ್ಪನ ಕಡೆ ತಿರುಗಿದಳು. "ಮಗಳ ಭಾರಿ ಶಾಣ್ಯಾ ಆಗ್ಯಾಳಲ್ಲ. ವಿಚಾರ ಮಾಡ, ಸತ್ತೆಪ್ಪ. ಪ್ರದರ್ಶನದ ದಿನ ನಿನ್ನ ನೀರಿನ ಪಾಳಿ ಐತಿ, ತಪ್ಪಿಸಬ್ಯಾಡ."

ಕಾರು ಹೋದ ಮೇಲೆ ಧೂಳು ಡಬ್ಬಿಗಳ ಮೇಲೆ ಕುಳಿತಿತು. ಗುಡ್ಡವ್ವ ಸೆರಗಿನಿಂದ ಒಂದೊಂದೇ ಎಲೆ ಒರೆಸಿದಳು. ಒರೆಸಿ ಮುಗಿದ ಮೇಲೆ, "ನಂದೀ, ಮೂರನೇ ಡಬ್ಬಿ ಒಯ್ಯೂಣು. ಅದರ ಸೊಂಟ ಚಲೋ ಐತಿ" ಎಂದಳು.

ಪ್ರದರ್ಶನದ ಮುಂಜಾನೆ ಇಬ್ಬರೂ ಹೊರಟಾಗ ಸತ್ತೆಪ್ಪ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಗುದ್ದಲಿ ಇರಲಿಲ್ಲ.

"ಅಪ್ಪಾ, ನಿನ್ನ ಪಾಳಿ?"

"ನೀರ ತನ್ನ ದಾರಿ ತಾ ನೋಡ್ಕೋತೈತಿ. ಇದನ್ನ ಒಮ್ಮಿ ಕೊಂದಾಂವ ನಾನ. ಇವತ್ತ ನಾನ ಹೊತಕೊಂಡು ಬರ್ತೇನಿ." ಡಬ್ಬಿಯನ್ನು ಎತ್ತಿಕೊಂಡ. "ಈ ಸೀಮ್ಯಾಗ ಕಬ್ಬಿಗೆ ನೀರ ತಿರುವಾಂವಗ ಕೆಲಸ ಸಿಗೂದಿಲ್ಲೇನು? ನಡೀರಿ."

ಬಸ್ಸಿನಲ್ಲಿ ಗೋಕಾಕದ ತನಕ ಡಬ್ಬಿ ಅವನ ತೊಡೆಯ ಮೇಲಿತ್ತು. ಯಾರೋ ಹೂ ಮುಟ್ಟಲು ಕೈ ಚಾಚಿದರೆ, "ಏ, ಕೈ ತಗಿ!" ಎಂದು ಗದರುತ್ತಿದ್ದ.

ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದ ಮೇಜುಗಳು. ಗುಲಾಬಿ, ಸೇವಂತಿಗೆ, ಡೇರೆ. ಭೀಮರಾಯ ಮಾಸ್ತರರು ಬಾಗಿಲ ಬಳಿ ಚೀಟಿ ಬರೆಯುತ್ತಿದ್ದರು. ಗುಡ್ಡವ್ವನನ್ನು ಕಂಡದ್ದೇ, ಏನೂ ಕೇಳದೆ, ರೂಢಿಯ ಕೈ ಚೀಟಿಯ ಮೇಲೆ ಬಂಗ್ಲೆಯ ಹೆಸರು ಬರೆಯತೊಡಗಿತು.

"ಬಾ ಗುಡ್ಡವ್ವ, ಶೈಲಾ ಅವರ ಕುಂಡ ಆಗಲೇ ಬಂದೇತಿ. ಇದನ್ನೂ ಅದರ ಬಾಜೂಕ ಇಡು. ನಿನ್ನ ಗೋಣಿಚೀಲ ಅಲ್ಲೇ ಹಿಂದ ಹಾಸ್ಯಾರ ನೋಡು."

ನಂದಿನಿ ಪೆನ್ನಿನ ಮುಂದೆ ಅರ್ಜಿ ಇಟ್ಟಳು. "ಸರ್, ಆ ಚೀಟಿ ಹರೀರಿ. ಈ ಅರ್ಜಿ ನೋಡ್ರಿ."

ಮಾಸ್ತರರು ಕನ್ನಡಕ ಏರಿಸಿದರು. "ತೋಟದ ಹೆಸರು... ಒಂಬತ್ತು ಡಬ್ಬಿ? ವಿಸ್ತೀರ್ಣ... ಒಂಬತ್ತು ಡಬ್ಬಿ? ಇದೇನಿದು?"

"ಇರೂದ ಅಷ್ಟರೀ. ಹೆಸರೂ ಅದ, ವಿಸ್ತೀರ್ಣನೂ ಅದ."

"ಗುಂಟೆ ಲೆಕ್ಕದಾಗ ಹೇಳವ್ವಾ. ಎಣ್ಣಿ ಡಬ್ಬಿ ಇಟ್ಟರ ತೋಟ ಆಕ್ಕೇತೇನು? ನಾಳೆ ಎಲ್ಲಾರೂ ಒಂದೊಂದ ಡಬ್ಬಿ ಹಿಡಕೊಂಡ ಬಂದಾರು."

"ಬರಲಿ ಸರ್. ಹೂವಿನ ಪ್ರದರ್ಶನ ಅಂತ ಬರದೀರಿ, ಹೊಲದ ಪ್ರದರ್ಶನ ಅಂತ ಬರದಿಲ್ಲ. ಇನ್ನೂರ ಪ್ರತಿ ನಾನ ತಗದಕೊಟ್ಟೇನಿ, ಒಂದೊಂದ ಅಕ್ಷರ ಗೊತ್ತೈತಿ."

ಮಾತು ಜೋರಾಯಿತು, ಜನ ತಿರುಗಿ ನೋಡಿದರು. ಮೇಜಿನ ತುದಿಯಲ್ಲಿ ನಿಂತಿದ್ದ ಶೈಲಾಳೂ ನೋಡಿದಳು. ಅವಳ ಮುಂದೆ ಬಣ್ಣ ಬಳಿದ ಕುಂಡ, ಅದರಲ್ಲಿ ಮೊಳಕೈಯುದ್ದದ, ಮೈತುಂಬ ಹೂವಿನ ಜಿರೇನಿಯಂ. ಗುಡ್ಡವ್ವ ಈ ಜಗಳ ತನಗೆ ಸೇರಿದ್ದಲ್ಲವೆಂಬಂತೆ ಕುಂಟುತ್ತಾ ಅತ್ತ ನಡೆದಳು. ಬಗ್ಗಿ ನೋಡಿದಳು. ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿಗಿಳಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತೊಟ್ಟಿಲ ಕೂಸು ಅಳುವುದು ಕೇಳಿದವರ ಗಾಬರಿಯಿತ್ತು.

"ಶೈಲವ್ವಾ, ನರ್ಸರಿ ಚೀಲ ಬಿಚ್ಚಲಾರದ ಕುಂಡದಾಗ ಇಳಿಸೀರಲ್ಲ! ನೀರ ಎಲ್ಲಾ ಒಳಗ ನಿಂತೇತಿ. ಉಸಿರ ಕಟ್ಟಾಕತ್ತೈತಿ ಇದಕ್ಕ." ಕೈ ತಡೆಯದೆ ಮಣ್ಣಿನ ಅಂಚು ಸರಿಸಿ ಎಳೆದಳು. ಕಪ್ಪು ಪ್ಲಾಸ್ಟಿಕ್ ಚೀಲದ ಬಾಯಿ ಹೊರಬಂತು, ಅದರ ಮೇಲೆ ಮಾಲಿಂಗನ ನರ್ಸರಿಯ ಬಿಳಿ ಚೀಟಿ ಇನ್ನೂ ಅಂಟಿಕೊಂಡಿತ್ತು.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಶೈಲಾಳ ಮುಖ ಹೂವಿಗಿಂತ ಕೆಂಪಾಯಿತು. ಭೀಮರಾಯ ಮಾಸ್ತರರು ತಮ್ಮದೇ ಅರ್ಜಿಯ ನಾಲ್ಕನೆಯ ನಿಯಮದ 'ಮೂರು ತಿಂಗಳು' ಎಂಬಲ್ಲಿ ಬೆರಳಿಟ್ಟು ಓದಿದರು. ಆಮೇಲೆ, ಅದೂ ರೂಢಿಯೇ, ಶೈಲಾಳ ಕಡೆ ನೋಡಿದರು.

"ಅವರ ಮಾರಿ ಯಾಕ ನೋಡ್ತೀರಿ ಸರ್?" ಎಂದಳು ನಂದಿನಿ. "ಗಿಡದ ಮಾರಿ ನೋಡ್ರಿ."

ಸತ್ತೆಪ್ಪ ಡಬ್ಬಿಯನ್ನು ಮೇಜಿನ ನಟ್ಟನಡುವೆ, ಬಿಳಿ ಬಟ್ಟೆಯ ಮೇಲೆ, ಸದ್ದಾಗುವಂತೆ ಇಟ್ಟ. ಗಿಡ್ಡ, ಅಗಲ ಮೈಯ ಗಿಡ. ಒಂದೂ ಎಲೆ ಹಳದಿಯಿಲ್ಲ. ಏಳು ಗೊಂಚಲು ಒಂದೇ ಎತ್ತರದಲ್ಲಿ ತಲೆಯೆತ್ತಿದ್ದವು. ಮಾಸ್ತರರು ಎದ್ದು ಬಂದು ಅದರ ಸುತ್ತ ಒಮ್ಮೆ ನಡೆದರು. ಹೂ ಬಲ್ಲ ಮನುಷ್ಯ. ಗಂಟಲು ಸರಿಪಡಿಸಿಕೊಂಡು ಹೊಸ ಚೀಟಿ ತೆಗೆದರು.

"ಮಾಲೀಕರ ಹೆಸರು?"

"ಗುಡ್ಡವ್ವ," ಎಂದಳು ಗುಡ್ಡವ್ವ. ಮೂವತ್ತು ವರ್ಷ ಬಂದ ಸಭಾಂಗಣದಲ್ಲಿ ಅವಳ ದನಿ ಗೋಡೆ ಮುಟ್ಟಿದ್ದು ಅದೇ ಮೊದಲು.

"ಪೂರ್ತಿ ಹೇಳಬೇಕು. ಗಂಡನ ಹೆಸರು?"

"ಗಿಡಾ ಅಂವ ಬೆಳಸಿಲ್ಲರೀ."

ಈ ಸಲ ನಗು ಸಭಾಂಗಣದ ತುಂಬ ಹರಡಿತು, ಮಾಸ್ತರರೂ ನಕ್ಕರು. ಚೀಟಿಯನ್ನೂ ಪೆನ್ನನ್ನೂ ಅವರು ನಂದಿನಿಯ ಕಡೆ ದಬ್ಬಿದರು. "ತಗೋ, ನೀನ ಬರಿ. ನಾ ಬರದರ ಮತ್ತ ತಪ್ಪ ಹುಡಕ್ತಿ."

ನಂದಿನಿ ಬರೆದಳು. ಗುಡ್ಡವ್ವ ಚೀಟಿಯನ್ನು ಕೈಗೆ ತೆಗೆದುಕೊಂಡು ದೂರ ಹಿಡಿದಳು, ಹತ್ತಿರ ಹಿಡಿದಳು. ಮಣ್ಣು ಮೆತ್ತಿದ ಬೆರಳನ್ನು ಅಕ್ಷರದ ಮೇಲೆ ಎಳೆದಳು.

"ಇಷ್ಟ ಏನು ನನ್ನ ಹೆಸರ? ಸಣ್ಣದಾತು."

"ಸಣ್ಣದು ಬರದೇನಿ, ಆಯಿ."

"ದೊಡ್ಡದಾಗಿ ಬರೀತೇನಿ ಅಂದಿದ್ದಿಯಲ್ಲ? ಎಲ್ಲಾರೂ ಓದೂ ಹಂಗ?"

ನಂದಿನಿ ಬೆಚ್ಚಿ ಆಯಿಯ ಮುಖ ನೋಡಿದಳು. ಆಯಿಯೂ ಮರೆತಿರಲಿಲ್ಲ. ಅವಳು ಚೀಟಿಯನ್ನು ಹೊರಳಿಸಿದಳು, ಮೇಜಿನ ಮೇಲೆ ಬಿದ್ದಿದ್ದ ದಪ್ಪ ಸ್ಕೆಚ್ ಪೆನ್ನು ತೆಗೆದುಕೊಂಡು ಈ ಅಂಚಿನಿಂದ ಆ ಅಂಚಿಗೆ, ಒತ್ತಕ್ಷರ ಸಹಿತ, ಮತ್ತೊಮ್ಮೆ ಬರೆದಳು. ಗುಡ್ಡವ್ವ. ದಾರ ಕಟ್ಟಿ ಡಬ್ಬಿಗೆ ತೂಗು ಹಾಕಿದಳು. ಸತ್ತೆಪ್ಪ ಒಂದು ಕುರ್ಚಿ ಎಳೆದು ತಂದು ಮೇಜಿನ ಮುಂದೆ ಹಾಕಿದ. ಗುಡ್ಡವ್ವ ಕುಳಿತುಕೊಳ್ಳುವ ಮೊದಲು ಡಬ್ಬಿಯನ್ನು ಕಾಲು ಸುತ್ತು ತಿರುಗಿಸಿದಳು, ಹೆಸರು ಬಾಗಿಲಿಗೆ ಮುಖ ಮಾಡುವಂತೆ.